ಐದು ವರ್ಷದೊಳಗಿನ ಆಕರಗಳು

ವೆಸ್ಲಾಕೊ, ಟೆಕ್ಸಸ್
17 ಸೆಪ್ಟೆಂಬರ್ 2023, ಭಾನುವಾರ

ಪ್ರೀತಿಯ ನಯೆಲಿ,

ನಿನಗೂ ಆಂಡರ್ಸ್‌ಗೂ ಹೊಟ್ಟೆಯೊಳಗಿನ ಪುಟ್ಟದಕ್ಕೂ ನನ್ನ ಆಶೀರ್ವಾದ. ಆಗಸ್ಟಿನಲ್ಲೇ ಬರೆಯುತ್ತೇನೆ ಎಂದಿದ್ದೆ, ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ದಿನವೂ ಫೋನಿನಲ್ಲಿ ಮಾತಾಡುತ್ತೀರಲ್ಲ, ಮತ್ತೆ ಕಾಗದ ಯಾಕೆ ಎಂದು ನಿಮ್ಮಪ್ಪ ಕೇಳುತ್ತಾನೆ. ಫೋನಿನಲ್ಲಿ ನೀನು "ಚೆನ್ನಾಗಿದೀನಮ್ಮ" ಅನ್ನುತ್ತೀಯ, ನಾನು "ನಾವೂ ಚೆನ್ನಾಗಿದೀವಿ" ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಕಾಗದದಲ್ಲಿ ಹಾಗಲ್ಲ. ಪುಟ ತುಂಬಿಸಬೇಕಾಗುತ್ತದೆ, ಆ ಗಡಿಬಿಡಿಯಲ್ಲಿ ಒಂದೆರಡು ನಿಜವಾದ ಮಾತೂ ಬರುತ್ತವೆ.

ತಡವಾದದ್ದಕ್ಕೆ ಕಾರಣ ಕಾಲೇಜು. ಇಷ್ಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಈ ವಯಸ್ಸಿನಲ್ಲಿ ನರ್ಸಿಂಗ್ ಓದುವುದು ಕಷ್ಟ ಎಂದು ಎಲ್ಲರೂ ಹೇಳಿದ್ದರು. ಅಷ್ಟೇನೂ ಕಷ್ಟವಿಲ್ಲ. ಸೂಜಿ ಹಾಕುವುದು ಬಂತು, ರಕ್ತದೊತ್ತಡ ನೋಡುವುದು ಬಂತು, ರೋಗಿಯನ್ನು ನೋಯಿಸದೆ ಮಗ್ಗುಲು ತಿರುಗಿಸುವುದು ಮೊದಲೇ ಗೊತ್ತಿತ್ತು. ಬಾರದೆ ಇರುವುದು ಪ್ರಬಂಧ ಬರೆಯುವುದು. ಈ ಸಲ ಒಂದು ದೊಡ್ಡ ಪ್ರಬಂಧವಿದೆ, ಅದರಲ್ಲಿ ಪಾಸಾಗದವರನ್ನು ಮುಂದಿನ ಸೆಮಿಸ್ಟರಿಗೆ ಬಿಡುವುದಿಲ್ಲ. ಬೇರೆಯವರು ಸಕ್ಕರೆ ಕಾಯಿಲೆ, ಹೃದಯ ಎಂದು ಆರಿಸಿಕೊಂಡರು. ನಾನು ನಮ್ಮಂಥ ಹಿಸ್ಪಾನಿಕ್ ಕುಟುಂಬಗಳ ಹೆರಿಗೆ ಮತ್ತು ಬಾಣಂತನದ ಪದ್ಧತಿಗಳು ಎಂಬ ವಿಷಯ ತೆಗೆದುಕೊಂಡೆ. ಮನೆಯಲ್ಲೇ ಇರುವ ವಿಷಯ, ಸುಲಭ ಎಂದುಕೊಂಡಿದ್ದೆ.

ನಮ್ಮ ತ್ರೆವಿನ್ಯೊ ಮೇಡಂ ಇಲ್ಲೇ ಪಕ್ಕದ ಡೊನ್ನಾ ಊರಿನವರು, ಆದರೆ ತರಗತಿಯಲ್ಲಿ ಯಾವ ಊರಿನವರೂ ಅಲ್ಲ. ಐದು ಆಕರ ಬೇಕು, ಒಂದೂ ಐದು ವರ್ಷಕ್ಕಿಂತ ಹಳೆಯದಿರಬಾರದು ಎಂದರು. ನಾನು ಕೈಯೆತ್ತಿ, ನಮ್ಮಮ್ಮನಿಗೆ ಅವರಮ್ಮ ಹೇಳಿಕೊಟ್ಟದ್ದನ್ನು ಬರೆದರೆ ಆಗುವುದಿಲ್ಲವೇ ಎಂದು ಕೇಳಿದೆ.

"ಇಸವಿ ಯಾವುದು?" ಎಂದರು.

"ಇಸವಿ ಗೊತ್ತಿಲ್ಲ ಮೇಡಂ. ಆ ವರ್ಷ ಕಿತ್ತಳೆ ತೋಟಕ್ಕೆಲ್ಲ ಹಿಮ ಹೊಡೆದಿತ್ತು."

ತರಗತಿ ನಕ್ಕಿತು. ಅವರೂ ನಕ್ಕರು, ಆದರೆ ಬಿಟ್ಟುಕೊಡಲಿಲ್ಲ. ಔಷಧಿಯ ಸೀಸೆಯ ಮೇಲೆ ತಾರೀಖು ಇರುತ್ತದಲ್ಲ, ತಿಳಿವಳಿಕೆಗೂ ಹಾಗೆ ಒಂದು ತಾರೀಖು ಇದೆ ಎಂದರು. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. ಅವನು ಆ ದಿನ ಚಕ್ಕೋತ ಹಣ್ಣಿನ ಲಾರಿ ತೊಳೆದು ಬಂದು ಊಟಕ್ಕೆ ಕೂತಿದ್ದ. "ಹಾಗಾದ್ರೆ ನೀನೂ ನಾನೂ ಯಾವತ್ತೋ ಎಕ್ಸ್‌ಪೈರಿ ಆಗಿದೀವಿ ಕಣೇ. ಇನ್ನೊಂದು ರೊಟ್ಟಿ ಹಾಕು, ಎಸೆಯೋ ಮುಂಚೆ ತಿನ್ಕೊಂಡ್ಬಿಡ್ತೀನಿ" ಎಂದ.

ಮೇಡಂ ಹೇಳಿಕೊಟ್ಟ ಇನ್ನೊಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಹೆಸರು ನೋಡಿ, ಮುಖ ನೋಡಿ, ಈಕೆಗೆ ಇಂಥ ಪದ್ಧತಿ ಬೇಕು ಎಂದು ಊಹಿಸಬಾರದು. ಕೇಳಬೇಕು. ಕೇಳಿದ ಮೇಲೆ ಅವರು ಕೊಟ್ಟ ಉತ್ತರವನ್ನು ಒಪ್ಪಿಕೊಳ್ಳಬೇಕು. ಇದನ್ನು ಕೇಳಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಜುಲೈ ತಿಂಗಳಲ್ಲಿ ನಾನು ನಿನ್ನನ್ನು ಹಾಗೆಯೇ ಕೇಳಿದ್ದೆನಲ್ಲ, ಹೆರಿಗೆಗೆ ಬರಲೇ ಎಂದು. ನೀನು, ಬೇಡಮ್ಮ, ನಿನ್ನ ಕಾಲೇಜು ಹಾಳಾಗುತ್ತೆ, ಆಂಡರ್ಸ್‌ಗೆ ರಜೆ ಸಿಗುತ್ತೆ, ಅವನು ನೋಡ್ಕೊತಾನೆ ಎಂದೆ. ನಾನು ಒಪ್ಪಿಕೊಂಡೆ. ನಲವತ್ತು ದಿನದ ಬಾಣಂತನವನ್ನು, ನಮ್ಮ ಕ್ವಾರೆಂತೇನಾವನ್ನು, ಗಂಡಸೊಬ್ಬ ಮಾಡಿದ್ದು ನಾನು ಕೇಳಿಲ್ಲ. ಆದರೆ ಆಂಡರ್ಸ್ ತಾಳ್ಮೆಯವನು, ಕೈ ಶುಭ್ರ, ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತಾನೆ. ನಾನು ಮತ್ತೆ ಕೇಳಿ ನಿನಗೆ ಮುಜುಗರ ಮಾಡುವುದಿಲ್ಲ.

ಬೆಚ್ಚಗಿರು. ಪಾದಕ್ಕೆ ಚಪ್ಪಲಿ ಹಾಕಿಕೊ.

ನಿನ್ನ ಅಮ್ಮ,
ಎಲ್ವಿರಾ

ತಾ.ಕ.: ಐಸ್ ಹಾಕಿದ ನೀರನ್ನು ಕುಡಿಯುತ್ತಿದ್ದೀಯ ಎಂದು ಆಂಡರ್ಸ್ ಬಾಯಿಬಿಟ್ಟ. ನಾನು ಏನೂ ಹೇಳುತ್ತಿಲ್ಲ.


ವೆಸ್ಲಾಕೊ
22 ಅಕ್ಟೋಬರ್ 2023

ಪ್ರೀತಿಯ ನಯೆಲಿ,

ಆಶೀರ್ವಾದಗಳು. ಮತ್ತೆ ತಡ, ಮತ್ತೆ ಅದೇ ನೆಪ.

ಈ ತಿಂಗಳೆಲ್ಲ ನಾನು ಕಾಲೇಜಿನ ಗ್ರಂಥಾಲಯದಲ್ಲಿದ್ದೆ. ಅಲ್ಲಿ ಯಾರು ಕೆಲಸಕ್ಕಿದ್ದಾನೆ ಹೇಳು? ಬಾಲ್ದೆಮಾರ್. ನಿನ್ನ ಜೊತೆ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದನಲ್ಲ, ಅವನೇ. ಈಗ ಜುಟ್ಟು ಬಿಟ್ಟಿದ್ದಾನೆ. ನಿನ್ನನ್ನು ಕೇಳಿದ. ಮಗು ಬರುತ್ತಿದೆ ಎಂದೆ. ಅಯ್ಯೋ ಸೆನ್ಯೋರಾ, ನಮಗೆಲ್ಲ ಇಷ್ಟು ವಯಸ್ಸಾಯಿತೇ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ.

ಅವನು ಕಂಪ್ಯೂಟರಿನಲ್ಲಿ ಹುಡುಕುವುದು ತೋರಿಸಿಕೊಟ್ಟ. ನಾನು ಮೊದಲು ಹಾಕಿದ್ದು ನನಗೆ ಗೊತ್ತಿದ್ದ ಒಂದೇ ಪದ, ಕ್ವಾರೆಂತೇನಾ. ಸಾವಿರಾರು ಲೇಖನ ಬಂದವು. ನನಗೆ ಸಂತೋಷ ತಡೆಯಲಾಗಲಿಲ್ಲ. ನಮ್ಮ ಬಾಣಂತಿಯರ ಬಗ್ಗೆ ಪ್ರಪಂಚಕ್ಕೆ ಇಷ್ಟು ಕಾಳಜಿಯೇ ಎಂದು ಒಂದೊಂದಾಗಿ ತೆಗೆದು ನೋಡಿದರೆ, ಎಲ್ಲವೂ ಕೋವಿಡ್‌ನ ಕ್ವಾರಂಟೈನ್, ಅದಕ್ಕೂ ನಮ್ಮಲ್ಲಿ ಇದೇ ಪದವಲ್ಲ. ವಿಮಾನ ನಿಲ್ದಾಣ, ಮುಖಗವಸು, ಶಾಲೆ ಮುಚ್ಚಿದ್ದು. ಬಾಲ್ದೆಮಾರ್ ನಗು ತಡೆದುಕೊಂಡು, "ಸೆನ್ಯೋರಾ, ಐದು ವರ್ಷದೊಳಗೆ ಅಂದ್ರೆ ಇದೇ ಬರೋದು. ಬಾಣಂತಿ ಅಂತ ಒಂದು ಪದ ಸೇರಿಸೋಣ" ಎಂದ. ಸೇರಿಸಿದೆವು. ಸಾವಿರ ಹೋಗಿ ಒಂದು ಹಿಡಿ ಉಳಿಯಿತು.

ಆ ಹಿಡಿಯನ್ನೂ ಓದಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದೆ. ಲೇಖನ ಹೋದ ವರ್ಷದ್ದು, ಆದರೆ ಒಳಗೆ ಬಾಣಂತಿಯ ಮಾತು ಬಂದಲ್ಲೆಲ್ಲ ಇಪ್ಪತ್ತು ವರ್ಷದ ಹಿಂದಿನ ಲೇಖನದ ಹೆಸರು. ಅದನ್ನು ಹುಡುಕಿ ತೆಗೆದರೆ, ಅದರೊಳಗೆ ಅದಕ್ಕೂ ಹಳೆಯದು. ಒಂದೇ ಕೋಳಿಯ ಮೂಳೆಯನ್ನು ಮೂರನೆಯ ದಿನವೂ ಕುದಿಸಿ ಹೊಸ ಸಾರು ಎಂದು ಬಡಿಸಿದ ಹಾಗೆ. ಶಾಲೆಯ ಅಡುಗೆಮನೆಯಲ್ಲಿ ಹಾಗೆ ಮಾಡಿದರೆ ಕೆಲಸದಿಂದ ತೆಗೆಯುತ್ತಿದ್ದರು.

ಹಾಗೆಂದು ಎಲ್ಲವೂ ಹಾಗಲ್ಲ. ನಿಜವಾಗಿ ಹೊಸದಾದ ನಾಲ್ಕು ಸಿಕ್ಕಿವೆ, ಒಳ್ಳೆಯವೇ. ಇಲ್ಲಿ ಹುಟ್ಟಿದ ಹುಡುಗಿಯರು ಏನನ್ನು ಉಳಿಸಿಕೊಂಡಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಕೇಳಿ ಬರೆದಿದ್ದಾರೆ. ಕೋಳಿ ಸಾರು ಉಳಿದಿದೆ. ಹೊಟ್ಟೆಗೆ ಪಟ್ಟಿ ಕಟ್ಟುವುದು ಉಳಿದಿದೆ, ಅದಕ್ಕೆ ಈಗ ಅಂಗಡಿಯಲ್ಲಿ ಬೇರೆ ಹೆಸರು. ತಲೆಗೆ ನೀರು ಹಾಕಬಾರದೆಂಬುದು ಹೋಗಿದೆ. ಬಾಣಂತಿಯನ್ನು ಯಾರು ನೋಡಿಕೊಂಡರು ಎಂಬಲ್ಲಿ ಮಾತ್ರ "ಕುಟುಂಬದ ನೆರವು" ಎಂದು ಬರೆದು ಪಕ್ಕದಲ್ಲಿ ಶೇಕಡಾ ಎಷ್ಟು ಎಂದು ಹಾಕಿದ್ದಾರೆ. ನನಗೆ ಆ ಶೇಕಡಾದ ಒಳಗೆ ಹೋಗಿ ನೋಡಬೇಕೆನಿಸಿತು. ಬಾಗಿಲೇ ಇರಲಿಲ್ಲ.

ಐದನೆಯದು ಸಿಗಲಿಲ್ಲ. ಮೇಡಂ ಬಳಿ ಹೋದೆ. ಇತ್ತೀಚೆಗೆ ಹೆತ್ತ ಒಬ್ಬಳನ್ನು ನಾನೇ ಮಾತಾಡಿಸಿ, ಅವಳ ಒಪ್ಪಿಗೆ ಪಡೆದು ಬರೆದರೆ ಅದನ್ನು ಐದನೆಯದೆಂದು ಒಪ್ಪುತ್ತೇನೆ ಎಂದರು. ನಿನಗಿನ್ನೂ ಹೆರಿಗೆಯಾಗಿಲ್ಲ, ಇಲ್ಲದಿದ್ದರೆ ನಿನ್ನನ್ನೇ ಹಿಡಿಯುತ್ತಿದ್ದೆ. ಟೋರ್ಟಿಯ ರೊಟ್ಟಿ ಮಾಡುವ ಅಂಗಡಿಯ ಹಿಂದಿನ ಮನೆಯಲ್ಲಿ ಯುರಿದಿಯಾ ಎಂಬ ಹುಡುಗಿ ಇದ್ದಾಳೆ, ಗಂಡ ದೂರದ ಎಣ್ಣೆ ಬಾವಿಯಲ್ಲಿ ಕೆಲಸಕ್ಕಿದ್ದಾನೆ. ಗಂಡು ಮಗು. ಅವಳನ್ನು ಕೇಳುತ್ತೇನೆ.

ಆಂಡರ್ಸ್ ನಿಮ್ಮ ಕೋಣೆಯ ಚಿತ್ರ ಕಳಿಸಿದ್ದ. ತೊಟ್ಟಿಲು ಚೆನ್ನಾಗಿದೆ, ಅವನೇ ಮರ ಉಜ್ಜಿದನಂತೆ. ಹೋದ ವರ್ಷ ನಾನು ಅಷ್ಟು ದೂರ ಮಿನ್ನೆಸೋಟಾಕ್ಕೆ, ನಿಮ್ಮ ಡುಲುತ್‌ಗೆ ಬಂದಾಗ ಹಾಸಿಗೆ ಕಿಟಕಿಯ ಕಡೆಗಿತ್ತು, ಮಲಗಿದಲ್ಲಿಂದ ಸರೋವರ ಕಾಣುತ್ತಿತ್ತು. ಈಗ ತಿರುಗಿಸಿದ್ದೀರಿ. ಮಲಗಿದರೆ ಮುಂಬಾಗಿಲು ನೇರವಾಗಿ ಕಾಣುತ್ತದೆ, ಸರೋವರ ಬೆನ್ನಿಗೆ. ನಯೆಲಿಗೆ ಹೀಗೇ ಬೇಕಂತೆ, ಯಾಕೆ ಎಂದರೆ ಕಿಟಕಿಯಿಂದ ಚಳಿ ಅನ್ನುತ್ತಾಳೆ ಎಂದು ಅವನು ಬರೆದಿದ್ದ. ಚಳಿಯಿಂದ ದೂರವಿರುವುದು ಒಳ್ಳೆಯದೇ. ಸ್ವಲ್ಪ ಹೊತ್ತು ಆ ಚಿತ್ರ ನೋಡಿದೆ.

ನಿನ್ನ ಅಮ್ಮ,
ಎಲ್ವಿರಾ


ವೆಸ್ಲಾಕೊ
25 ನವೆಂಬರ್ 2023, ಶನಿವಾರ

ಪ್ರೀತಿಯ ನಯೆಲಿ,

ಈ ಸಲವೂ ತಡವಾಯಿತು, ಆದರೆ ಈ ಸಲ ಬೇಕೆಂದೇ. ಕೊನೆಯವರೆಗೆ ಓದು, ಗೊತ್ತಾಗುತ್ತದೆ.

ಮೊದಲು ಒಳ್ಳೆಯ ಸುದ್ದಿ. ಪ್ರಬಂಧ ಪಾಸಾಯಿತು. ಬರೀ ಪಾಸಲ್ಲ, ಚೆನ್ನಾಗಿ ಪಾಸು. ನಾಲ್ಕು ಲೇಖನದ ಪಕ್ಕದಲ್ಲಿ ಮೇಡಂ ಬರೀ ಸರಿ ಗುರುತು ಹಾಕಿದ್ದಾರೆ, ಐದನೆಯದರ ಪಕ್ಕದಲ್ಲಿ "ಇದು ಹೊಸದು" ಎಂದು ಬರೆದಿದ್ದಾರೆ. ಐದನೆಯದು ಯುರಿದಿಯಾಳದು. ಅದನ್ನು ನಿನಗೆ ಹೇಳಬೇಕು.

ನಾನು ಅವಳ ಮನೆಗೆ ಹೋದದ್ದು ಕಾಲೇಜಿನ ನರ್ಸಿಂಗ್ ಅಂಗಿ ಹಾಕಿಕೊಂಡು. ಮಗುವನ್ನು ಸೋಫಾದ ಮೇಲೆ ಮಲಗಿಸಿದ್ದಳು. ಎಂಥ ಕೂದಲು, ಎಂಥ ಕಣ್ಣು ಎಂದೆ. ನಿಜವಾಗಿಯೂ ಹಾಗಿತ್ತು. ಅಷ್ಟು ಹೇಳಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅವಳು ನನ್ನ ಕೈಯನ್ನೇ ನೋಡುತ್ತಾ ಕಾದಳು.

"ಮುಟ್ಟಿ ದೋನ್ಯಾ ಎಲ್ವಿರಾ. ಹೊಗಳಿಬಿಟ್ಟು ಮುಟ್ಟದೆ ಹೋದ್ರೆ ದೃಷ್ಟಿ ಆಗುತ್ತೆ. ಆಮೇಲೆ ಅವನು ಅಳೋಕೆ ಶುರು ಮಾಡಿದ್ರೆ ನಾನು ಎತ್ಕೊಂಡು ನಿಮ್ಮನೆ ಹುಡುಕ್ಕೊಂಡು ಬರ್ಬೇಕು."

"ಕೇಳದೆ ಮುಟ್ಟಬಾರದು ಅಂತ ಕಾಲೇಜಲ್ಲಿ ಹೇಳಿಕೊಟ್ಟಿದಾರೆ."

"ಕಾಲೇಜಿನೋರ ಮಕ್ಕಳಿಗೆ ದೃಷ್ಟಿ ಆಗಲ್ವೇನೋ" ಎಂದಳು.

ಹಣೆ ಮುಟ್ಟಿದೆ. ಬೆಚ್ಚಗಿತ್ತು. ನಾನು ಚಿಕ್ಕಂದಿನಿಂದ ಯಾವ ಮಗುವನ್ನೂ ಮುಟ್ಟದೆ ಹೊಗಳಿದವಳಲ್ಲ. ಒಂದು ಸೆಮಿಸ್ಟರಿನಲ್ಲಿ ಮರೆತಿದ್ದೆ.

ಆಮೇಲೆ ಪ್ರಶ್ನೆ ಶುರು ಮಾಡಿದೆ. ಏನು ತಿಂದೆ ಎಂದರೆ, ಕೋಳಿ ಸಾರು, ಜೋಳದ ಹಿಟ್ಟಿನ ಗಂಜಿ, ಚಕ್ಕೆ ಹಾಕಿದ ಬಿಸಿನೀರು. ಬೀನ್ಸ್ ಕಾಳು ಮುಟ್ಟಲಿಲ್ಲವಂತೆ. ತಲೆಗೆ ಯಾವಾಗ ನೀರು ಹಾಕಿಕೊಂಡೆ ಎಂದರೆ ನಕ್ಕು, ಮಾರನೆಯ ದಿನವೇ, ಅಮ್ಮ ಇದ್ದಿದ್ದರೆ ಬಿಡುತ್ತಿರಲಿಲ್ಲ ಎಂದಳು. ಯಾರು ನೋಡಿಕೊಂಡರು ಎಂಬುದು ನನ್ನ ಮುಂದಿನ ಪ್ರಶ್ನೆಯೇ ಆಗಿತ್ತು. ನಾದಿನಿ ಎರಡು ದಿನ ಇದ್ದಳು, ಮಿಕ್ಕಂತೆ ಅಂಗಡಿಯವರು ಊಟ ತಂದುಕೊಟ್ಟರು ಎಂದಳು. ಅವಳ ಅಮ್ಮ ಹ್ಯೂಸ್ಟನ್‌ನಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಇಲ್ಲಿರಬಹುದು.

"ಅವರು ಬರಲಿಲ್ವಾ?"

"ಫೋನಲ್ಲಿ ಕೇಳಿದ್ಲು, ಬರ್ಲಾ ಅಂತ. ಬೇಡಮ್ಮ, ಕೆಲಸ ಬಿಟ್ಟು ಬರ್ಬೇಡ ಅಂದೆ."

"ನೀನೇ ಬೇಡ ಅಂದಮೇಲೆ..." ಎಂದೆ.

"ಮತ್ತೇನು ಅನ್ನಲಿ? ಬಾ ಅಂತ ಕರೆಯೋಕೆ ಅವಳೇನು ನೆಂಟಳಾ? ನೆಂಟರನ್ನ ಕರೀತೀವಿ. ಅಮ್ಮಂದಿರು ಬರ್ತಾರೆ." ಮಗುವಿನ ಕಾಲುಚೀಲ ಕಳಚಿತ್ತು, ಅದನ್ನು ಏರಿಸಿದಳು. "ಬರೋರು ಕೇಳಲ್ಲ ದೋನ್ಯಾ ಎಲ್ವಿರಾ. ಅವಳು ಕೇಳಿದಾಗಲೇ ನಂಗೆ ಗೊತ್ತಾಯ್ತು, ಬರಲ್ಲ ಅಂತ."

ಇದನ್ನು ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. ಅದು ಮೇಡಂ ಒಪ್ಪಿದ ಪ್ರಶ್ನೆಗಳಲ್ಲಿ ಇರಲಿಲ್ಲ.

"ಹೇಳೋದೇನಿದೆ. ಮೊನ್ನೆ ಫೋನ್ ಮಾಡಿ ಹೇಗಿದೀಯ ಅಂದ್ಲು. ಚೆನ್ನಾಗಿದೀನಮ್ಮ ಅಂದೆ."

ನಾನು ಎಲ್ಲವನ್ನೂ ಬರೆದುಕೊಂಡೆ. ವಂದನೆ ಹೇಳಿದೆ. ಹೊರಗೆ ಬಂದು ಅಂಗಡಿಯಲ್ಲಿ ಬಿಸಿ ಟೋರ್ಟಿಯ ಒಂದು ಕಟ್ಟು ಕೊಂಡು, ಕಾರಿನಲ್ಲಿ ಕೂತು, ಮಡಿಲಲ್ಲಿಟ್ಟುಕೊಂಡೆ. ಅವು ತಣ್ಣಗಾದ ಮೇಲೆ ಕಾರು ಶುರು ಮಾಡಿದೆ.

ಮಗಳೇ, ನಾನು ನಿನ್ನನ್ನು ಬಹಳ ಮರ್ಯಾದೆಯಿಂದ ಕೇಳಿದ್ದೆ. ನೀನೂ ಮರ್ಯಾದೆಯಿಂದ ಉತ್ತರ ಕೊಟ್ಟೆ. ನೀನು ಯುರಿದಿಯಾ ಅಲ್ಲ ಎಂಬುದು ನನಗೆ ಗೊತ್ತು. ನಿನಗೆ ನಿನ್ನ ಮನೆ, ನಿನ್ನ ಗಂಡ, ನಿನ್ನ ರೀತಿ ಇದೆ. ನಿನ್ನ ಬೇಡ ನಿಜವಾಗಿಯೂ ಬೇಡವೇ ಇರಬಹುದು. ಒಬ್ಬಳ ಮಾತನ್ನು ಇನ್ನೊಬ್ಬಳ ಬಾಯಲ್ಲಿ ಇಡಬಾರದು ಎಂದು ಪ್ರಬಂಧದಲ್ಲಿ ನಾನೇ ಬರೆದಿದ್ದೇನೆ. ಒಂದು ವಾರ ಇದನ್ನೇ ಹಿಂದೆ ಮುಂದೆ ಮಾಡಿದೆ.

ಪ್ರಬಂಧ ವಾಪಸು ಕೊಡುವ ದಿನ ಮೇಡಂ ಕೋಣೆಯಲ್ಲಿ ಒಬ್ಬರೇ ಇದ್ದರು. ಧೈರ್ಯ ಮಾಡಿ ಕೇಳಿದೆ. "ಮೇಡಂ, ನಿಮ್ಮ ಹೆರಿಗೆಗೆ ನಿಮ್ಮಮ್ಮ ಬರ್ಲಾ ಅಂತ ಕೇಳಿದ್ರಾ?"

"ಕೇಳೋದಾ? ನೋವು ಶುರುವಾಗೋ ಮುಂಚೆನೇ ಪಾತ್ರೆ ಸಮೇತ ಬಂದು ನನ್ನ ಅಡುಗೆಮನೆ ಹಿಡ್ಕೊಂಡ್ಬಿಟ್ರು. ನನ್ನ ಹತ್ರ ಪಾತ್ರೆ ಇರಲಿಲ್ವಾ ಅಂತ ಇವತ್ತಿಗೂ ನಮ್ಮಿಬ್ಬರಿಗೂ ಜಗಳ." ನಗುತ್ತಿದ್ದವರು ನನ್ನ ಮುಖ ನೋಡಿ ನಿಲ್ಲಿಸಿದರು. ಯುರಿದಿಯಾಳ ಪುಟವನ್ನು ಮತ್ತೆ ತಿರುವಿ ನೋಡಿದರು. "ನಿಮ್ಮ ಮಗಳಿಗೆ ಯಾವಾಗ ದಿನ?"

ಡಿಸೆಂಬರ್ ಮೊದಲ ವಾರ ಎಂದೆ.

"ಆಸ್ಪತ್ರೇಲಿ ಕೇಳೋದನ್ನ ಯಾವತ್ತೂ ಬಿಡಬೇಡಿ ಎಲ್ವಿರಾ. ಅಲ್ಲಿ ನಾವು ಹೊರಗಿನೋರು" ಎಂದರು. ಆಮೇಲೆ ಕ್ಯಾಲೆಂಡರ್ ತೆಗೆದು, ನನ್ನ ಕೊನೆಯ ಪರೀಕ್ಷೆಯನ್ನು ಬರುವ ಮಂಗಳವಾರಕ್ಕೆ ಹಾಕಿದರು. ಆಸ್ಪತ್ರೆಯ ತರಬೇತಿಯಲ್ಲಿ ಒಂದಿಷ್ಟು ಬಾಕಿ ಉಳಿಯುತ್ತದೆ, ವಾಪಸು ಬಂದು ತೀರಿಸುತ್ತೇನೆ.

ಬುಧವಾರ ಹಾರ್ಲಿಂಗನ್‌ನಿಂದ ನನ್ನ ವಿಮಾನ. ಈ ಕಾಗದವನ್ನು ಸೋಮವಾರ ಅಂಚೆಗೆ ಹಾಕುತ್ತೇನೆ. ಇದು ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ನಾನೇ ಕೈಯಲ್ಲಿ ತರಬಹುದಿತ್ತು, ಫೋನಿನಲ್ಲಿ ಹೇಳಲೂಬಹುದಿತ್ತು. ಹೇಳಿದ್ದರೆ ನೀನು ಬೇಡಮ್ಮ ಅನ್ನುತ್ತಿದ್ದೆ, ನಾನು ಮತ್ತೆ ನಂಬಿಬಿಡುತ್ತಿದ್ದೆ. ಆಂಡರ್ಸ್‌ಗೂ ಹೇಳಿಲ್ಲ, ಅವನಿಗೆ ಸುಳ್ಳು ಬರುವುದಿಲ್ಲ. ನಾನು ಅವನ ಕೆಲಸ ಕಿತ್ತುಕೊಳ್ಳುವುದಿಲ್ಲ ಎಂದು ಹೇಳು. ಹಗಲು ನಾನು ನೋಡಿಕೊಂಡರೆ ಅವನು ಮಲಗಲಿ. ಪ್ರಬಂಧಕ್ಕೆ ನಾನು ಓದಿದ ಯಾವ ಲೇಖನದಲ್ಲೂ ಮಗುವಿನ ಅಪ್ಪ ಮಲಗಿದ ಬಗ್ಗೆ ಒಂದು ಸಾಲಿಲ್ಲ.

ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು, ಚಕ್ಕೆ, ಕಷಾಯದ ಒಣ ಹೂವು, ಹೊಟ್ಟೆಯ ಪಟ್ಟಿ, ನಿಮ್ಮಪ್ಪನ ಅಮ್ಮನ ನೀಲಿ ಶಾಲು. ಒಂದು ಕೋಳಿಯನ್ನೂ ಗಟ್ಟಿಯಾಗಿ ಹಿಮಗಟ್ಟಿಸಿದ್ದೇನೆ, ಬುಧವಾರ ಹೊರಡುವಾಗ ಪತ್ರಿಕೆ ಸುತ್ತಿ ನಡುವೆ ಇಡುತ್ತೇನೆ. ಅದನ್ನು ನೋಡಿ ನಿಮ್ಮಪ್ಪ, "ಮಿನ್ನೆಸೋಟಾದಲ್ಲಿ ಕೋಳಿ ಇಲ್ವೇನೇ?" ಎಂದ. ಅಲ್ಲಿ ಅಂಗಡಿಯಲ್ಲಿ ಸಿಗುವುದು ಎಳೆ ಕೋಳಿ, ಬಾಣಂತಿಗೆ ಬೇಕಾದ್ದು ಮೊಟ್ಟೆಯಿಟ್ಟು ಮುಗಿಸಿದ ಮುದಿ ಕೋಳಿ, ಎಲ್ಲ ಸತ್ವವೂ ಮೂಳೆಯಲ್ಲಿರುತ್ತದೆ ಎಂದೆ. "ಅಂತೂ ಎಕ್ಸ್‌ಪೈರಿ ಆದೋರಿಬ್ರು ಒಂದೇ ವಿಮಾನದಲ್ಲಿ ಹೋಗ್ತಿದೀರ" ಎಂದ. ಅವನು ಕ್ರಿಸ್ಮಸ್ಸಿಗೆ ಲಾರಿ ನಿಲ್ಲಿಸಿ ಬರುತ್ತಾನೆ. ಅವನೂ ಕೇಳುವುದಿಲ್ಲ.

ನಾನು ತಪ್ಪು ತಿಳಿದಿದ್ದರೆ, ನಿನ್ನ ಬೇಡ ನಿಜವಾಗಿಯೂ ಬೇಡವೇ ಆಗಿದ್ದರೆ, ಸಂಕೋಚ ಬೇಡ. ಹಿಮ ನೋಡಲು ಬಂದಿದ್ದೆ ಎಂದು ಎಲ್ಲರಿಗೂ ಹೇಳುತ್ತೇನೆ. ಕೋಳಿಯನ್ನು ಬಿಟ್ಟು ಮುಂದಿನ ವಿಮಾನ ಹಿಡಿಯುತ್ತೇನೆ.

ದೇವರು ನಿನ್ನನ್ನು ಕಾಯಲಿ. ನಿನ್ನ ಹೆರಿಗೆ ಸಲೀಸಾಗಲಿ. ನಿನ್ನ ಹಾಲಿಗೆ, ನಿನ್ನ ನಿದ್ದೆಗೆ ಕೊರತೆಯಾಗದಿರಲಿ.

ನಿನ್ನ ಅಮ್ಮ,
ಎಲ್ವಿರಾ

ತಾ.ಕ.: ಆಂಡರ್ಸ್ ಕಳಿಸಿದ ಕೋಣೆಯ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ನೀನು ಹುಟ್ಟಿದಾಗ ನನ್ನಮ್ಮ ಗಡಿಯಾಚೆಯ ಮೊಂತೆಮೊರೆಲೊಸ್‌ನ ಔಷಧಿ ಅಂಗಡಿಯಿಂದ ಫೋನ್ ಮಾಡಿ, ಬರಲೇ ಎಂದು ಕೇಳಿದಳು. ಸೇತುವೆ ದಾಟುವ ತಾಪತ್ರಯ ಯಾಕೆ, ಅತ್ತೆ ಇದ್ದಾರೆ, ಬೇಡಮ್ಮ ಎಂದೆ. ಅವಳು ನಂಬಿದಳು. ಅವಳು ನಿನ್ನನ್ನು ಮೊದಲು ನೋಡಿದ್ದು ನೀನು ನಡೆಯಲು ಕಲಿತ ಮೇಲೆ. ಅಷ್ಟು ಹೊತ್ತಿಗೆ ಆ ಮಾತು ಎತ್ತುವ ಕಾಲ ಇಬ್ಬರಿಗೂ ಮೀರಿತ್ತು. ಅತ್ತೆ ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಆಸ್ಪತ್ರೆಯಿಂದ ಬಂದ ಮಾರನೆಯ ದಿನ ನಿಮ್ಮಪ್ಪನಿಗೆ ಹೇಳಿ, ಮುಂಬಾಗಿಲು ಕಾಣುವ ಹಾಗೆ ಹಾಸಿಗೆಯನ್ನು ತಿರುಗಿಸಿಕೊಂಡೆ. ಗಾಳಿ ಬರಲಿ ಎಂದೆ. ಬಾಣಂತಿಗೆ ಗಾಳಿ ತಾಗಬಾರದೆಂಬುದು ಅವನಿಗೆ ಗೊತ್ತಿರಲಿಲ್ಲ, ತಿರುಗಿಸಿಕೊಟ್ಟ. ಅತ್ತೆಗೆ ಗೊತ್ತಿತ್ತು. ಅವರು ಏನೂ ಕೇಳಲಿಲ್ಲ. ನೀಲಿ ಶಾಲನ್ನು ತಂದು ನನಗೆ ಕಿವಿಯವರೆಗೆ ಹೊದಿಸಿ, ಬಾಗಿಲನ್ನು ತೆರೆದೇ ಬಿಟ್ಟು ಹೋದರು.